ಕಾರುದಾನ: ಕೊಟ್ಟದ್ದೇನು, ಉಳಿಸಿಕೊಂಡದ್ದೇನು?

ಕೊರಿಯಾದ ಕಿಯಾ ಕಂಪೆನಿ 2023ರಲ್ಲಿ ತಯಾರಿಕೆ ನಿಲ್ಲಿಸಿದ ಸ್ಟಿಂಗರ್ ಎಂಬ ಐಷಾರಾಮಿ ಕಾರು ಸಂಗ್ರಹಪ್ರಿಯರಿಗೆ ಅಚ್ಚುಮೆಚ್ಚು. ಬೆಳುವಾಯಿಯಿಂದ ಪರದೇಶಕ್ಕೆ ಹೋದ ಮಗನೊಬ್ಬ ಅಂಥ ಕಾರನ್ನು ಅಲ್ಲಿಯ ಅನಾಥಾಲಯಕ್ಕೆ ಕೊಟ್ಟನೆನ್ನಿ; ಅದು ದಾನವೇ? ‘ಮಾರಬೇಡಿ, ನನ್ನ ನೆನಪಿಗಿರಲಿ’ ಎಂದರೆ ಅಲ್ಲ. ವಿಮೆ, ದುರಸ್ತಿಗಳ ಹೊರೆಯಷ್ಟೆ.

1964ರಲ್ಲಿ ಮುಂಬಯಿಗೆ ಬಂದಿದ್ದ ಪೋಪ್ ಆರನೆಯ ಪೌಲರು ತಾವು ಬಳಸಿದ ಲಿಂಕನ್ ಕಾರನ್ನು ಮದರ್ ತೆರೇಸಾರಿಗೆ ಕೊಟ್ಟರು. ತೆರೇಸಾ ಅದನ್ನು ಲಾಟರಿಗಿಟ್ಟು, ಬಂದ ಹಣವನ್ನು ಕುಷ್ಠರೋಗಿಗಳ ಸೇವೆಗೆ ಬಳಸಿದರು. ಕಾರು ಹೋಯಿತು, ದಾನ ಉಳಿಯಿತು.

ನಮ್ಮ ದೇಶದಲ್ಲಿ ವಸ್ತುರೂಪದ ದಾನಕ್ಕೆ ತೆರಿಗೆ ರಿಯಾಯಿತಿಯೂ ಇಲ್ಲ. ಆದ್ದರಿಂದ ಕಾರು ಕೊಡುವುದಾದರೆ ಮಾರುವ ಸ್ವಾತಂತ್ರ್ಯವನ್ನೂ ಕೊಡಿ. ಇಲ್ಲವೇ ನೀವೇ ಮಾರಿ ಹಣ ಕೊಡಿ. ಹಿಡಿತ ಬಿಟ್ಟು ಕೊಟ್ಟದ್ದೇ ಕಾಣಿಕೆ.