ಅಪಾಯದ ಅಂಕಗಣಿತ

ಗರ್ಭಿಣಿಯ ಕಾಲಿನ ಸಿರೆಯಲ್ಲಿ ಹೆಪ್ಪುಗಟ್ಟಿದ ರಕ್ತವು ಕಳಚಿಕೊಂಡು ಶ್ವಾಸಕೋಶವನ್ನು ಸೇರಿದರೆ ಒದಗುವ ಅನಾಹುತವನ್ನು ಇಲ್ಲಿ ವರ್ಣಿಸಬೇಕಾದುದಿಲ್ಲ; ನನ್ನ ಆಕ್ಷೇಪವಿರುವುದು, ಅದನ್ನು ತಡೆಯಲೆಂದು ಬ್ರಿಟನ್ನಿನ ಪ್ರಸೂತಿತಜ್ಞರ ರಾಯಲ್ ಕಾಲೇಜು 2015ರಲ್ಲಿ ಪ್ರಕಟಿಸಿದ 37-ಎ ಮಾರ್ಗಸೂಚಿಯ ಅಂಕಪಟ್ಟಿಗೆ ಸಂದಿರುವ, ಯೋಗ್ಯತೆಗೆ ಮೀರಿದ ಮನ್ನಣೆಯನ್ನು ಕುರಿತು.

ವಯಸ್ಸು 35 ದಾಟಿದ್ದರೆ 1 ಅಂಕ, ದೇಹಭಾರದ ಸೂಚ್ಯಂಕ 30 ಮುಟ್ಟಿದ್ದರೆ 1, ಧೂಮಪಾನಕ್ಕೆ 1, ಹಾಸಿಗೆ ಹಿಡಿದಿದ್ದರೆ 1. ಕೂಡಿದಾಗ 4 ಬಂದರೆ ಮೊದಲ ತ್ರೈಮಾಸಿಕದಿಂದಲೇ, 3 ಬಂದರೆ 28ನೆಯ ವಾರದಿಂದ ಹೆಪಾರಿನ್ ಚುಚ್ಚುಮದ್ದು. ಹೆರಿಗೆಯ ತರುವಾಯವಾದರೋ 2 ಬಂದರೂ ಸಾಕು, ಕನಿಷ್ಠ ಹತ್ತು ದಿನ. ಈ ಕೂಡಿಕೆಯಲ್ಲಿಯೇ ದೋಷವಡಗಿದೆ. 2008ರಲ್ಲಿ ಪ್ರಕಟವಾದ ನಾರ್ವೆಯ ಅಧ್ಯಯನವೊಂದರಲ್ಲಿ, ಹೆರಿಗೆಗೆ ಮುನ್ನ ರಕ್ತ ಹೆಪ್ಪುಗಟ್ಟುವ ಸಂಭವವು, ಸೂಚ್ಯಂಕ 25ಕ್ಕಿಂತ ಕೆಳಗಿದ್ದು ಓಡಾಡಿಕೊಂಡಿದ್ದವರಿಗೆ ಹೋಲಿಸಿದಲ್ಲಿ, ಸೂಚ್ಯಂಕ 25 ದಾಟಿದವರಲ್ಲಿ ಸುಮಾರು 1.8 ಪಟ್ಟು, ಸೂಚ್ಯಂಕ 25ಕ್ಕಿಂತ ಕೆಳಗಿದ್ದೂ ಒಂದು ವಾರವೋ ಅದಕ್ಕೂ ಹೆಚ್ಚು ಕಾಲವೋ ಮಲಗಿದ್ದವರಲ್ಲಿ ಸುಮಾರು 7.7 ಪಟ್ಟು ಇದ್ದುದು, ಎರಡೂ ಒಬ್ಬಳಲ್ಲಿಯೇ ಕೂಡಿದಾಗ 62 ಪಟ್ಟಿಗೆ ಏರಿತ್ತು. ಒಂದರ ಬಲವನ್ನು ಮತ್ತೊಂದು ಹಲವು ಮಡಿಯಾಗಿಸುವ ಇಂತಹ ಸಂಬಂಧವನ್ನು ಸಂಕಲನವು ಹಿಡಿಯಲಾರದು. ಸೂಚ್ಯಂಕ 27 ಇದ್ದು, ವೈದ್ಯರ ಮಾತಿನಂತೆ ಮನೆಯಲ್ಲಿಯೇ ಮಂಚ ಹಿಡಿದ ಗರ್ಭಿಣಿಗೆ ಪಟ್ಟಿಯು ಕೊಡುವುದು ಒಂದೇ ಅಂಕ, ಎಂದರೆ ಚುಚ್ಚುಮದ್ದಿಲ್ಲ. ಆಕೆಯ ನೆರೆಯವಳು, 36ರ ಕೃಶಾಂಗಿ, ಮೊದಲೇ ನಿಶ್ಚಯಿಸಿದ ಸಿಸೇರಿಯನ್ನಿನ ಬಳಿಕ ಮಾರನೆಯ ದಿನವೇ ಎದ್ದು ನಡೆದಾಡಿದರೂ, 2 ಅಂಕ ಪಡೆದು ಹತ್ತು ದಿನ ಹೊಟ್ಟೆಗೆ ಸೂಜಿ ಚುಚ್ಚಿಸಿಕೊಳ್ಳಬೇಕು.

ಇದನ್ನು ಹೇಳಿದಾಗಲೆಲ್ಲ ಪಟ್ಟಿಯ ಪಕ್ಷಪಾತಿಗಳು ಒಂದೇ ಉತ್ತರವನ್ನು ಮುಂದಿಡುತ್ತಾರೆ: 2003–05ರಲ್ಲಿ ಬ್ರಿಟನ್ನಿನಲ್ಲಿ 41 ತಾಯಂದಿರನ್ನು ಬಲಿತೆಗೆದುಕೊಂಡಿದ್ದ ಈ ವ್ಯಾಧಿ, 2004ರ ಮಾರ್ಗಸೂಚಿಯ ನಂತರ, 2006–08ರಲ್ಲಿ 18 ಮಂದಿಯನ್ನಷ್ಟೆ ಕೊಂದಿತಲ್ಲ! ಆ ಇಳಿಕೆಯೇನೋ ದಿಟ. ಆದರೆ ಅದಾಗಿ ವರ್ಷಗಳೇ ಕಳೆದ ಮೇಲೆ ಬಂದ 2015ರ ಪಟ್ಟಿಗೆ ಅದರ ಕೀರ್ತಿಯನ್ನು ತೊಡಿಸುವುದು ಯಾವ ನ್ಯಾಯ? ಒಂದು ತ್ರೈವಾರ್ಷಿಕ ಲೆಕ್ಕದ ಇಳಿಕೆಯನ್ನು ಜಯಪತಾಕೆಯಂತೆ ಹಿಡಿದವರು, ಮುಂದಿನ ವರದಿಗಳಲ್ಲಿ ಇದೇ ವ್ಯಾಧಿಯು ತಾಯಂದಿರ ಸಾವಿನ ನೇರ ಕಾರಣಗಳಲ್ಲಿ ಮೊದಲ ಸ್ಥಾನಕ್ಕೆ ಮರಳಿದ್ದನ್ನು ಏಕೆ ಹೇಳುವುದಿಲ್ಲ?

ಪಟ್ಟಿಯಲ್ಲಿ ಗುಣವಿಲ್ಲವೆಂದಲ್ಲ. ಸಾಮಾನ್ಯವೆಂದು ತಳ್ಳಿಹಾಕುತ್ತಿದ್ದ ಅತಿವಾಂತಿಗೆ 3 ಅಂಕವಿತ್ತುದು ಶ್ಲಾಘ್ಯ. ಅದಕ್ಕಿಂತಲೂ ಮಿಗಿಲಾದುದು, ಆರಂಭದಲ್ಲಿ, ಆಸ್ಪತ್ರೆಗೆ ಸೇರಿದಾಗ, ಹೆರಿಗೆಯ ವೇಳೆ, ಹೆತ್ತ ಕೂಡಲೆ ಅಪಾಯವನ್ನು ಮರಳಿ ಅಳೆಯಬೇಕೆಂಬ ವಿಧಿ. ಪಟ್ಟಿಯನ್ನು ಹೊಗಳುವವರು ಹೆಚ್ಚಾಗಿ ಮರೆಯುವುದೂ ಇದನ್ನೇ: ಮೊದಲ ಭೇಟಿಯ ಮೊತ್ತವನ್ನು ಕಡತದಲ್ಲಿ ಬರೆದಿಟ್ಟು ನಿಶ್ಚಿಂತರಾದರೆ, ಐದನೆಯ ತಿಂಗಳಲ್ಲಿ ಸೊಂಟನೋವಿನಿಂದ ಹಾಸಿಗೆ ಹಿಡಿದ ಅದೇ ಹೆಂಗಸನ್ನು ಮತ್ತೆ ಅಳೆಯುವವರು ಯಾರೂ ಇರುವುದಿಲ್ಲ.