ಫ್ಯಾಕ್ಸ್‌ನಲ್ಲಿ ಬೂದು ಬಣ್ಣವಿಲ್ಲ

ಎಸ್‌ಟಿಡಿ ಬೂತ್‌ಗಳು ಬಾಗಿಲು ಹಾಕಿ ಎಷ್ಟೋ ಕಾಲವಾದರೂ, ಅಮೆರಿಕದ ಆಸ್ಪತ್ರೆಯೊಂದಿಗೋ ಅಲ್ಲಿನ ತೆರಿಗೆ ಇಲಾಖೆಯೊಂದಿಗೋ ವ್ಯವಹಾರವಿರುವ ಬೆಂಗಳೂರಿನವರಿಗೆ ಇವತ್ತಿಗೂ ಫ್ಯಾಕ್ಸ್ ತಪ್ಪಿದ್ದಲ್ಲ. ಯಂತ್ರ ಕೊಳ್ಳಬೇಕಿಲ್ಲ. ಮನೆಯ ಕಂಪ್ಯೂಟರಿನಿಂದ ಪಿಡಿಎಫ್ ಅನ್ನು ಇಂಟರ್‌ನೆಟ್ ಫ್ಯಾಕ್ಸ್ ಸೇವೆಗೆ ಒಪ್ಪಿಸಿದರೆ ಅವರ ಸರ್ವರ್ ಆ ನಂಬರಿಗೆ ಡಯಲ್ ಮಾಡಿ ದಾಟಿಸುತ್ತದೆ. ಬಹಳ ಜನಕ್ಕೆ ಅಷ್ಟು ಸಾಕು. ನನಗೆ ರುಚಿ ಹತ್ತುವುದು ಅಲ್ಲಿಂದ ಮುಂದೆ.

ಇಮೇಲ್‌ನಲ್ಲಿ ಹೋದ ಹಾಗೆ ಇಲ್ಲಿ ಪಿಡಿಎಫ್ ಇದ್ದಂತೆಯೇ ಹೋಗುವುದಿಲ್ಲ. 1980ರ ಗ್ರೂಪ್ 3 ನಿಯಮದಂತೆ ಪುಟ ಅಡ್ಡಸಾಲುಗಳಾಗಬೇಕು. ಸಾಲಿಗೆ 1728 ಚುಕ್ಕೆ, ಪ್ರತಿಯೊಂದೂ ಕಪ್ಪು, ಇಲ್ಲವೇ ಬಿಳಿ. ಚುಕ್ಕೆಗಳನ್ನು ಒಂದೊಂದಾಗಿ ಒಪ್ಪಿಸದೆ, ಇಷ್ಟು ಬಿಳಿ, ಆಮೇಲೆ ಇಷ್ಟು ಕಪ್ಪು ಎಂಬ ಲೆಕ್ಕವನ್ನಷ್ಟೇ ಸಂಕೇತದಲ್ಲಿ ಕಳಿಸುವುದು ಇದರ ಮೂಲ ಪದ್ಧತಿ. ಪೂರಾ ಖಾಲಿ ಸಾಲು 17 ಬಿಟ್‌ನಲ್ಲಿ ಮುಗಿದುಹೋಗುತ್ತದೆ. ಅದೇ ಸಾಲಿನಲ್ಲಿ ಒಂದು ಬಿಳಿ, ಒಂದು ಕಪ್ಪು ಎಂದು ಕೊನೆತನಕ ಬಂದರೆ? ಒಂಟಿ ಬಿಳಿಗೆ 6 ಬಿಟ್, ಒಂಟಿ ಕಪ್ಪಿಗೆ 3, ಒಟ್ಟು 7,776! ಬೂದು ಬಣ್ಣವನ್ನು ಚುಕ್ಕೆ ಎರಚಿಯೇ ತೋರಿಸಬೇಕಾದ್ದರಿಂದ ಲೆಟರ್‌ಹೆಡ್ಡಿನ ತಿಳಿ ಬೂದು ಪಟ್ಟಿಯ ಗತಿಯೂ ಸುಮಾರಾಗಿ ಇದೇ. ಪುಟ ತೆವಳುತ್ತದೆ, ಆ ಕಡೆ ಮಸಿ ಬಳಿದಂತೆ ಬರುತ್ತದೆ.

ಅದಕ್ಕೇ ಹೇಳುತ್ತೇನೆ, ಪ್ರಿಂಟ್ ತೆಗೆದು ಮತ್ತೆ ಸ್ಕ್ಯಾನ್ ಮಾಡುವ ಅಭ್ಯಾಸ ಬಿಡಿ. ಸ್ಕ್ಯಾನರಿನ ಗಾಜಿನ ಮೇಲಿನ ಒಂದೊಂದು ಧೂಳಿನ ಕಣವೂ ಬಿಳಿಯ ಓಟವನ್ನು ಕತ್ತರಿಸುತ್ತದೆ. ಬರೆದ ಪತ್ರವನ್ನು ನೇರ ಪಿಡಿಎಫ್ ಮಾಡಿ ಕಳಿಸಿದರೆ ಅಕ್ಷರದ ಅಂಚು ಕತ್ತರಿಸಿಟ್ಟಂತೆ ಇಳಿಯುತ್ತದೆ. ಒಳ್ಳೆಯ ಫ್ಯಾಕ್ಸ್ ಯಂತ್ರಕ್ಕೂ ಆ ಅಚ್ಚುಕಟ್ಟು ಸಿಗುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಸಹಿಯನ್ನು ದಪ್ಪ ಕಪ್ಪು ಪೆನ್ನಿನಲ್ಲಿ ಹಾಕಿ, ಫೋಟೊ ತೆಗೆದು, ಬೂದು ಒಂದಿಷ್ಟೂ ಉಳಿಯದಂತೆ ಅಪ್ಪಟ ಕಪ್ಪು-ಬಿಳುಪು ಮಾಡಿ ಅಂಟಿಸಿ. ಆಯ್ಕೆಯಿದ್ದರೆ ‘ಫೈನ್’ ಒತ್ತಿ: ಮಾಮೂಲಿಯಲ್ಲಿ ಇಂಚಿಗೆ 98 ಸಾಲು, ಫೈನ್‌ನಲ್ಲಿ 196. ಕನ್ನಡದ ಪತ್ರಕ್ಕಂತೂ ಇದು ಬೇಕೇ ಬೇಕು. 98ರಲ್ಲಿ ಸಣ್ಣ ಒತ್ತಕ್ಷರಗಳು ಮೆತ್ತಿಕೊಳ್ಳುತ್ತವೆ.

ಮನೆಯ ಇಂಟರ್‌ನೆಟ್ ಫೋನಿಗೆ ಮೋಡೆಮ್ ಸಿಕ್ಕಿಸಿ, ಸ್ಯಾಮ್ ಲೆಫ್ಲರ್ ಬರೆದ ಹೈಲಾಫ್ಯಾಕ್ಸ್‌ನಂಥ ತಂತ್ರಾಂಶದಿಂದ ತಾವೇ ಕಳಿಸುವವರೂ ಇದ್ದಾರೆ. ಅವರು ಮೊದಲು ನೋಡಬೇಕಾದ್ದು ಲೈನು ಟಿ.38 ಎಂಬ ಫ್ಯಾಕ್ಸ್ ನಿಯಮವನ್ನು ಒಪ್ಪುತ್ತದೆಯೇ ಎಂದು. ಇಂಟರ್‌ನೆಟ್ ಫೋನಿನಲ್ಲಿ ಧ್ವನಿಯನ್ನು ಹಿಂಡಿ ಕಿರಿದಾಗಿಸುವ ಜಿ.729ರಂಥ ಕೋಡೆಕ್‌ಗಳು ಮಾತಿಗೆಂದೇ ಹುಟ್ಟಿದವು. ಅವು ಹಿಂಡಿದ ಮೇಲೆ ಮೋಡೆಮಿನ ಸ್ವರದಲ್ಲಿ ಮಾಹಿತಿ ಉಳಿಯುವುದಿಲ್ಲ. 1998ರ ಟಿ.38 ಆ ಸ್ವರವನ್ನು ಗೇಟ್‌ವೇಯಲ್ಲೇ ಬಿಡಿಸಿ, ಒಳಗಿನ ಮಾಹಿತಿಯನ್ನಷ್ಟೇ ಪ್ಯಾಕೆಟ್‌ಗಳಲ್ಲಿ ಸಾಗಿಸುತ್ತದೆ.

ಇವೆಲ್ಲಕ್ಕಿಂತ ನನಗೆ ಪ್ರಿಯವಾದದ್ದು 1993ರಲ್ಲಿ ಕಾರ್ಲ್ ಮಲಮುಡ್ ಮತ್ತು ಮಾರ್ಷಲ್ ರೋಸ್ ಕಟ್ಟಿದ ಟಿಪಿಸಿ.ಇಂಟ್ ಪ್ರಯೋಗ. ಸ್ವಯಂಸೇವಕರು ತಮ್ಮ ಊರಿನ ಪಾಲಿಗೆ ಒಂದು ಕಂಪ್ಯೂಟರ್, ಒಂದು ಮೋಡೆಮ್ ಬಿಟ್ಟುಕೊಡುತ್ತಿದ್ದರು. ಇಮೇಲ್ ಇಂಟರ್‌ನೆಟ್‌ನಲ್ಲಿ ಅಲ್ಲಿಯವರೆಗೆ ಹೋಗಿ, ಅಲ್ಲಿಂದ ಲೋಕಲ್ ಕರೆಯಲ್ಲಿ ಫ್ಯಾಕ್ಸ್ ಆಗಿ ಇಳಿಯುತ್ತಿತ್ತು; ಕಳಿಸಿದವರಿಗೆ ಖರ್ಚಿಲ್ಲ. ವಿಳಾಸ ಹೇಗಿತ್ತು ನೋಡಿ: ಫೋನ್ ನಂಬರನ್ನು ಹಿಂದುಮುಂದಾಗಿ, ಅಂಕಿಗೊಂದು ಚುಕ್ಕೆಯಿಟ್ಟು ಬರೆಯಬೇಕು. ಇಂಟರ್‌ನೆಟ್ಟಿನ ಹೆಸರುಗಳಲ್ಲಿ ದೊಡ್ಡ ವಿಭಾಗ ಬಲತುದಿಯಲ್ಲಿರುತ್ತದೆ, ಫೋನ್ ನಂಬರಿನಲ್ಲಿ ಎಡತುದಿಯಲ್ಲಿ. ತಿರುಗಿಸಿದ ಕೂಡಲೇ ದೇಶ, ಪ್ರದೇಶ, ಮನೆ ಸರಿಯಾದ ಕ್ರಮಕ್ಕೆ ಬಂದು, ಯಾವ ಸ್ವಯಂಸೇವಕನಿಗೆ ತಲುಪಿಸಬೇಕೆಂಬುದು ತಾನಾಗಿ ಗೊತ್ತಾಗುತ್ತಿತ್ತು. ಎಂಥ ಚೆಲುವಾದ ಯೋಚನೆ!

ಕಳಿಸಿದ ಮೇಲೆ ಪರದೆಯಲ್ಲಿ ಕಾಣುವ ‘ಸೆಂಟ್’ ಎಂಬ ಮಾತನ್ನಷ್ಟೇ ನೆಚ್ಚಿಕೊಳ್ಳಬೇಡಿ. ನಿಮ್ಮ ಕಡತ ಸೇವೆಯವರ ಸರ್ವರಿಗೆ ಮುಟ್ಟಿತು ಎಂದಷ್ಟೇ ಅದರ ಅರ್ಥವಿರಬಹುದು. ಒಂದೊಂದು ಪುಟ ಇಳಿದ ಮೇಲೂ ಆ ಕಡೆಯ ಯಂತ್ರ ‘ಬಂತು’ ಎಂದು ಸಂಕೇತ ಕೊಡುತ್ತದೆ. ವರದಿಯಲ್ಲಿ ಅದರ ಗುರುತಿನ ನಂಬರು, ಪುಟಗಳ ಸಂಖ್ಯೆ ಹುಡುಕಿ. ನಾಲ್ಕು ಪುಟ ಕಳಿಸಿ ಮೂರು ಎಂದಿದ್ದರೆ ಅವತ್ತೇ ಮತ್ತೆ ಕಳಿಸಿ.