ಕೊಂಡಿ ಹಾಕಿ ಓದುವುದು

ಜನವರಿ ಬಂತಂದ್ರ ಸಾಕು, ಈ ವರ್ಷ ಐವತ್ತು ಪುಸ್ತಕ, ನೂರು ಪುಸ್ತಕ ಅಂತ ಪಣ ತೊಡುವವರ ಭರಾಟೆ. ಡಿಸೆಂಬರಿಗೆ ಎಣಿಕೆ ಪಕ್ಕಾ ಇರ್ತದ, ಓದಿದ್ದೇನು ಅಂದ್ರೆ ತಲೆ ಕೆರೆದುಕೊಳ್ತಾರೆ. ನಾವು ನಾಲ್ಕು ಮಂದಿ ಗೆಳೆಯರದು ಯುಗಾದಿಯಿಂದ ಯುಗಾದಿಗೆ ಬೇರೆ ಲೆಕ್ಕ. ಎರಡು ತಿಂಗಳಿಗೆ ಒಂದು ಜೋಡಿ: ಒಂದು ಕಾದಂಬರಿಯೋ ನಾಟಕವೋ, ಅದರ ಬೆನ್ನಿಗೆ ಅದೇ ಸಂಗತಿಯ ಇತಿಹಾಸವೋ ವರದಿಯೋ. ವರ್ಷಕ್ಕೆ ಹನ್ನೆರಡೇ ಪುಸ್ತಕ. ಇದಕ್ಕೆ ‘ಕೊಂಡಿ’ ಅಂತ ಹೆಸರಿಟ್ಟಿದ್ದೇವೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದಿದ್ದರೂ ಸೆರಗು ರೇಷ್ಮೆ. ಆ ಎರಡೂ ಎಳೆಗಳನ್ನು ಕುಣಿಕೆ ಹಾಕಿ ಸೇರಿಸುವುದಕ್ಕೆ ಅಲ್ಲಿ ಕೊಂಡಿ ಅಂತಾರೆ.

ಮೊದಲ ಜೋಡಿ ಹುನಗುಂದದ ಕಡೆಯದು. 1565ರ ಜನವರಿ 23ರ ಯುದ್ಧಕ್ಕೆ ಶಾಲೆಯ ಪುಸ್ತಕದಲ್ಲಿ ತಾಳಿಕೋಟೆಯ ಹೆಸರು. ತಾಳಿಕೋಟೆ ಸುಲ್ತಾನರ ಸೈನ್ಯ ಕೂಡಿದ ಊರು ಅಷ್ಟೇ. ಹುನಗುಂದ ತಾಲೂಕಿನ ರಕ್ಕಸಗಿ, ಮುದ್ದೇಬಿಹಾಳ ಕಡೆಯ ತಂಗಡಗಿ, ಈ ಎರಡು ಊರುಗಳ ಹೆಸರೇ ಕೂಡಿ ‘ರಕ್ಕಸಗಿ-ತಂಗಡಗಿ’ ಕದನ ಆಯಿತು. ಈ ಯುದ್ಧವನ್ನು ಕನ್ನಡಿಗರ ಮನಸ್ಸಿಗೆ ಇಳಿಸಿದ್ದು ಗಳಗನಾಥರ ‘ಕನ್ನಡಿಗರ ಕರ್ಮಕಥೆ’, ಮರಾಠಿಯ ಹರಿ ನಾರಾಯಣ ಆಪ್ಟೆಯವರ ‘ವಜ್ರಾಘಾತ’ದಿಂದ ಬಂದದ್ದು. ಓದಿಸಿಕೊಂಡು ಹೋಗುವುದರಲ್ಲಿ ಗಳಗನಾಥರಿಗೆ ಸಾಟಿ ಇಲ್ಲ. ಆದರೆ ಸಾಮ್ರಾಜ್ಯದ ಪತನಕ್ಕೆ ಅಲ್ಲಿ ಸಿಗುವ ಕಾರಣ ರಾಮರಾಜನ ಗುಪ್ತ ಪ್ರೇಮ, ಆ ಪ್ರೇಮದಲ್ಲಿ ಹುಟ್ಟಿದ ಮಗನ ಸೇಡು. ಇಡೀ ದಖ್ಖನ್ನಿನ ರಾಜಕೀಯ ಒಂದು ಮನೆಯ ಜಗಳವಾಗಿ ಮುಗಿದುಹೋಗುತ್ತದೆ.

ಅದರ ಎದುರಿಗೆ ರಿಚರ್ಡ್ ಈಟನ್ನರ ‘ಎ ಸೋಷಿಯಲ್ ಹಿಸ್ಟರಿ ಆಫ್ ದ ಡೆಕ್ಕನ್’ ಇಟ್ಟೆವು. 2005ರ ಈ ಪುಸ್ತಕದಲ್ಲಿ ಅಳಿಯ ರಾಮರಾಯನ ಮೇಲೆಯೇ ಒಂದು ಅಧ್ಯಾಯವಿದೆ. ರಾಮರಾಯ ಮೊದಲು ನೌಕರಿ ಮಾಡಿದ್ದು ಗೋಲ್ಕೊಂಡದ ಸುಲ್ತಾನನ ಹತ್ತಿರ. ಅಣ್ಣನಿಂದ ತಪ್ಪಿಸಿಕೊಂಡು ಬಂದ ಇಬ್ರಾಹಿಂ ಕುತುಬ್ ಶಾಹನಿಗೆ ವಿಜಯನಗರ ಏಳು ವರ್ಷ ಆಶ್ರಯ ಕೊಟ್ಟಿತ್ತು. ಬಿಜಾಪುರದ ಅಲಿ ಆದಿಲ್ ಶಾಹನನ್ನು ರಾಮರಾಯ ಮಗನೆಂದು ಕರೆದುಕೊಂಡಿದ್ದ. ಕೊನೆಗೆ ಇವರಿಬ್ಬರೂ ನಿಂತದ್ದು ಎದುರು ಪಾಳಯದಲ್ಲಿ. ಇದನ್ನು ಓದಿದ ಮೇಲೆ ಈ ಕದನವನ್ನು ಎರಡು ಧರ್ಮಗಳ ಕಾಳಗ ಅಂತ ಭಾಷಣ ಮಾಡುವವರ ಮಾತು ಕಿವಿಗೆ ಹತ್ತುವುದಿಲ್ಲ. ನಮ್ಮ ಗುಂಪಿನಲ್ಲಿ ಇದರ ಬಗ್ಗೆ ದೊಡ್ಡ ವಾದವೇ ಆಯಿತು, ಇನ್ನೂ ಮುಗಿದಿಲ್ಲ ಬಿಡ್ರಿ.

ಮೂರನೆಯದಾಗಿ, ನಿಯಮ ಮುರಿದು, 2018ರಲ್ಲಿ ಬಂದ ಕಾರ್ನಾಡರ ‘ರಾಕ್ಷಸ-ತಂಗಡಿ’. ರಾಜರಕ್ತವಿಲ್ಲದ, ಬರೀ ‘ಅಳಿಯ’ನಾದವನಿಗೆ ತಾನು ಚಾಲುಕ್ಯ ವಂಶದವನು ಅನ್ನುವ ಗೀಳು, ಕಲ್ಯಾಣದ ಮೇಲೆ ಕಣ್ಣು. ಈ ಗೀಳು ಈಟನ್ನರಲ್ಲಿ ಮಾಹಿತಿ. ಕಾರ್ನಾಡರಲ್ಲಿ ಅದು ಮುದುಕನೊಬ್ಬನ ಗಾಯ. ನಾಟಕದ ಸೋಲೂ ಇದೆ. ಸುಲ್ತಾನರ ಸಂಬಂಧಗಳನ್ನು ವಿವರಿಸುವುದರಲ್ಲೇ ಸಂಭಾಷಣೆ ದಣಿಯುತ್ತದೆ, ಯಾರು ಯಾರಿಗೆ ಏನಾಗಬೇಕು ಅಂತ ಓದುಗ ಹಿಂದಿನ ಪುಟ ತಿರುವಬೇಕಾಗುತ್ತದೆ. ಹಾಗಾಗಿ ನನ್ನ ಸಲಹೆ: ಇಲ್ಲಿ ಮಾತ್ರ ಇತಿಹಾಸ ಮೊದಲು, ನಾಟಕ ಆಮೇಲೆ.

ಹಾಗಂತ ಇತಿಹಾಸ ಅಂದದ್ದೆಲ್ಲ ಸತ್ಯ, ಕತೆ ಅಂದದ್ದೆಲ್ಲ ಕಟ್ಟಿದ್ದು ಅಂತಲೂ ಅಲ್ಲ. ಐಹೊಳೆಯ ಮೇಗುತಿ ಗುಡಿಗೆ ಹೋಗಿ ರವಿಕೀರ್ತಿಯ 634ರ ಶಾಸನ ನೋಡ್ರಿ. ಪುಲಕೇಶಿ ಹರ್ಷನನ್ನು ಸೋಲಿಸಿದ್ದು ಇದೆ, ಕವಿ ತನ್ನನ್ನು ಕಾಳಿದಾಸ, ಭಾರವಿಯರ ಸಾಲಿಗೆ ಸೇರಿಸಿಕೊಂಡಿದ್ದೂ ಇದೆ! 642ರ ಹೊತ್ತಿಗೆ ಬಾದಾಮಿ ಪಲ್ಲವರ ಕೈಗೆ ಹೋಯಿತು. ಗೆದ್ದ ನರಸಿಂಹವರ್ಮನ ಶಾಸನ ಬಾದಾಮಿಯ ಬಂಡೆಯ ಮೇಲೆಯೇ ಇದೆ. ಒಂದೇ ದಿನದಲ್ಲಿ ಎರಡನ್ನೂ ನೋಡಿ ಬರಬಹುದು, ಪುಸ್ತಕ ಕೊಳ್ಳುವ ಖರ್ಚೂ ಇಲ್ಲ.

ಬಾಗಲಕೋಟೆಗೆ ನಾವು ಆರಿಸಿದ್ದು ನಾ. ಡಿಸೋಜರ ‘ದ್ವೀಪ’. ಕತೆ ಶರಾವತಿಯದು, ಲಿಂಗನಮಕ್ಕಿ ಹಿನ್ನೀರಿನದು. ಆದರೆ ನವನಗರದಲ್ಲಿ ಸೆಕ್ಟರ್ ನಂಬರಿನಿಂದ ಮನೆ ಹೇಳುವವರಿಗೆ ಅದು ದೂರದ ಊರಿನದು ಅನಿಸುವುದಿಲ್ಲ. ಲೋಕೋಪಯೋಗಿ ಇಲಾಖೆಯಲ್ಲಿ ದುಡಿದ ಡಿಸೋಜರಿಗೆ ಅಣೆಕಟ್ಟು ಕಡತದಲ್ಲೂ ಗೊತ್ತಿತ್ತು, ಕಣ್ಣಿನಲ್ಲೂ. ಇದರ ಜೋಡಿ ಕೃಷ್ಣಾ ಜಲವಿವಾದ ನ್ಯಾಯಮಂಡಳಿಯ 2010ರ ತೀರ್ಪು. ಆಲಮಟ್ಟಿಯ ನೀರಿನ ಮಟ್ಟ 519.6 ಮೀಟರಿನಿಂದ 524.256 ಮೀಟರಿಗೆ. ವ್ಯತ್ಯಾಸ ಐದು ಮೀಟರೂ ಇಲ್ಲ. ‘ದ್ವೀಪ’ದಲ್ಲಿ ಗಣಪಯ್ಯ, ನಾಗವೇಣಿ ಸೀತಾಪರ್ವತದ ಮೇಲೆ ಕೂತು ಏರುವ ನೀರನ್ನು ಮಳೆಗಾಲವಿಡೀ ನೋಡುತ್ತಾರೆ. ಅದನ್ನು ಓದಿದ ಮೇಲೆ ಆ ದಶಾಂಶದ ಅಂಕಿಗಳಲ್ಲಿ ಹೊಲ, ಹಿತ್ತಲು, ಹಳೇ ಊರಿನ ಓಣಿ ಕಾಣಲಿಕ್ಕೆ ಶುರುವಾಗುತ್ತವೆ. ತೀರ್ಪನ್ನು ಪೂರ್ತಿ ಓದಿ ಅನ್ನುವುದಿಲ್ಲ, ಅದು ಶಿಕ್ಷೆ. ಆಲಮಟ್ಟಿಯ ಭಾಗ ಸಾಕು.

ತಾಪತ್ರಯ ಆಗಿದ್ದು ಇಳಕಲ್ಲಿಗೆ. ನೇಕಾರಿಕೆಯ ಮೇಲೆ ಲೇಖನ, ಅಧ್ಯಯನ ಸಿಗುತ್ತವೆ. ಕತೆಗಳಲ್ಲಿ ಇಳಕಲ್ ಸೀರೆ ಉಟ್ಟವರು ಬೇಕಾದಷ್ಟು ಮಂದಿ: ತವರಿಗೆ ಹೊಂಟವರು, ಹೊಲಕ್ಕೆ ಬುತ್ತಿ ಒಯ್ಯುವವರು, ಜಾತ್ರೆಯಲ್ಲಿ ಕಳೆದುಹೋದವರು. ಕುಣಿಯೊಳಗೆ ಕಾಲಿಳಿಬಿಟ್ಟು ಲಾಳಿ ಆಡಿಸುವವರು, ಕೊಂಡಿ ಹಾಕಿಕೊಡುವ ಹೆಣ್ಣುಮಕ್ಕಳು, ಮಗ್ಗ ಮಾರಿ ಬೇರೆ ಕೆಲಸ ಹಿಡಿದವರು ಅಪರೂಪ. ಸೀರೆಯನ್ನು ನಮ್ಮ ಕತೆಗಾರರು ಉಡುಪಾಗಿ ಕಂಡಷ್ಟು ದುಡಿಮೆಯಾಗಿ ಕಂಡಿಲ್ಲ. ಈ ಯುಗಾದಿಯ ಪಟ್ಟಿಯಲ್ಲಿ ಇಳಕಲ್ಲಿನ ಮುಂದೆ ಅಧ್ಯಯನದ ಪುಸ್ತಕ ಬರೆದುಕೊಂಡು, ಕಾದಂಬರಿಯ ಜಾಗ ಹಾಗೇ ಬಿಟ್ಟಿದ್ದೇವೆ.